ಓಪನ್‌ನಲ್ಲಿ ಡ್ರೈವರ್ ತನ್ನ ಎಣಿಕೆಯನ್ನು ತಾನೇ ಏರಿಸಬೇಕೆ?

ಪ್ರಶ್ನೆ: ಲಿನಕ್ಸ್‌ಗೆ ಒಂದು ಯುಎಸ್‌ಬಿ ಕ್ಯಾರೆಕ್ಟರ್ ಡ್ರೈವರ್ ಬರೆದಿದ್ದೇನೆ. ಹಳೆಯ ಪಾಠವೊಂದನ್ನು ನೋಡಿಕೊಂಡು ಓಪನ್ ಫಂಕ್ಷನ್ನಿನಲ್ಲಿ ಟ್ರೈ_ಮಾಡ್ಯೂಲ್_ಗೆಟ್ (ಮಾಡ್ಯೂಲಿನ ಬಳಕೆ ಎಣಿಕೆಯನ್ನು ಏರಿಸುವ ಕರೆ), ರಿಲೀಸ್‌ನಲ್ಲಿ ಮಾಡ್ಯೂಲ್_ಪುಟ್ (ಅದನ್ನು ಇಳಿಸುವ ಕರೆ) ಕರೆಯುತ್ತಿದ್ದೇನೆ. ಕೋಡ್ ರಿವ್ಯೂನಲ್ಲಿ ಎರಡನ್ನೂ ತೆಗೆಯಿರಿ ಎಂದರು. ತೆಗೆದರೆ ಫೈಲ್ ತೆರೆದಿರುವಾಗಲೇ ಯಾರಾದರೂ ಆರ್‌ಎಂಮಾಡ್ (ಮಾಡ್ಯೂಲ್ ಇಳಿಸುವ ಆಜ್ಞೆ) ಕೊಟ್ಟುಬಿಡಬಹುದಲ್ಲವೇ? ಇನ್ನೆರಡು ತೊಂದರೆಗಳಿವೆ. ಟೆಸ್ಟ್ ಪ್ರೋಗ್ರಾಂ ಮುಗಿದ ಮೇಲೂ ಕೆಲವೊಮ್ಮೆ ಎಲ್‌ಎಸ್‌ಮಾಡ್‌ನಲ್ಲಿ (ಮಾಡ್ಯೂಲ್‌ಗಳ ಪಟ್ಟಿಯನ್ನೂ ಅವುಗಳ ಎಣಿಕೆಯನ್ನೂ ತೋರಿಸುವ ಆಜ್ಞೆ) 1 ಉಳಿದುಬಿಡುತ್ತದೆ. ರೀಬೂಟ್ ಮಾಡದೆ ಮಾಡ್ಯೂಲ್ ಇಳಿಯುವುದಿಲ್ಲ. ಎಣಿಕೆ ಸರಿಯಾಗಿದ್ದಾಗಲೂ, ಪ್ರೋಗ್ರಾಂ ಓಡುತ್ತಿರುವಾಗ ಸಾಧನವನ್ನು ಕಿತ್ತರೆ ಕರ್ನಲ್ ಬೀಳುತ್ತದೆ.

ಉತ್ತರ: ರಿವ್ಯೂ ಮಾಡಿದವರು ಹೇಳಿದ್ದು ಸರಿ, ಎರಡೂ ಸಾಲು ತೆಗೆಯಿರಿ. ಉಳಿದುಬಿಡುವ ಆ 1 ಬಹುಮಟ್ಟಿಗೆ ಅದೇ ಸಾಲುಗಳ ಫಲ. ಸಾಧನ ಕಿತ್ತಾಗ ಕರ್ನಲ್ ಬೀಳುವುದು ಮಾತ್ರ ಬೇರೆಯೇ ಕಾಯಿಲೆ. ಮಾಡ್ಯೂಲ್ ಎಣಿಕೆಯಿಂದ ಅದು ವಾಸಿಯಾಗುವುದಿಲ್ಲ.

ಈ ಎಣಿಕೆ ಕಾಯುವುದು ಒಂದನ್ನೇ: ಮಾಡ್ಯೂಲಿನ ಕೋಡ್ ಮತ್ತು ಅದರ ಸ್ಟ್ಯಾಟಿಕ್ ಡೇಟಾ ಕೂತಿರುವ ಮೆಮೊರಿಯನ್ನು. ಸಾಧನ ಪೋರ್ಟ್‌ನಲ್ಲಿದೆಯೋ ಇಲ್ಲವೋ, ನೀವು ಪ್ರೋಬ್‌ನಲ್ಲಿ (ಸಾಧನ ಸಿಕ್ಕಾಗ ಕರ್ನಲ್ ಕರೆಯುವ ನಿಮ್ಮ ಫಂಕ್ಷನ್) ಅಲೊಕೇಟ್ ಮಾಡಿದ ಸ್ಟ್ರಕ್ಚರ್ ಜೀವಂತವಾಗಿದೆಯೋ ಇಲ್ಲವೋ, ಅದಕ್ಕೆ ಗೊತ್ತಿಲ್ಲ.

ಈಗ ಓಪನ್ ವಿಚಾರ. ಒಂದು ಸಿಪಿಯುನಲ್ಲಿ ಒಂದು ಪ್ರೋಸೆಸ್ ನಿಮ್ಮ ಸಾಧನವನ್ನು ತೆರೆಯುತ್ತಿದೆ ಎನ್ನೋಣ. ಕರ್ನಲ್ ನಿಮ್ಮ ಓಪನ್ ಫಂಕ್ಷನ್ನಿನ ವಿಳಾಸ ಹುಡುಕಿ, ಅಲ್ಲಿಗೆ ಜಿಗಿಯಲು ಸಿದ್ಧವಾಗಿದೆ. ಅದೇ ಗಳಿಗೆಯಲ್ಲಿ ಇನ್ನೊಂದು ಸಿಪಿಯುನಲ್ಲಿ ಆರ್‌ಎಂಮಾಡ್ ಎಣಿಕೆ ನೋಡುತ್ತದೆ, 0 ಇದೆ, ಎಕ್ಸಿಟ್ ಫಂಕ್ಷನ್ ಓಡಿಸಿ ಮೆಮೊರಿಯನ್ನು ಬಿಡುಗಡೆ ಮಾಡುತ್ತದೆ. ಮೊದಲ ಸಿಪಿಯು ಜಿಗಿದಾಗ ಅಲ್ಲಿ ಏನೂ ಇಲ್ಲ. ನಿಮ್ಮನ್ನು ಕಾಪಾಡಬೇಕಿದ್ದ ಟ್ರೈ_ಮಾಡ್ಯೂಲ್_ಗೆಟ್ ಸಾಲು ಇದ್ದದ್ದು ಅದೇ ಬಿಡುಗಡೆಯಾದ ಪುಟದಲ್ಲಿ. ರಿಲೀಸ್ ಕಡೆ ಇನ್ನೂ ಸ್ಪಷ್ಟ: ಮಾಡ್ಯೂಲ್_ಪುಟ್ ಎಣಿಕೆಯನ್ನು 0ಗೆ ಇಳಿಸಿದ ಮೇಲೂ ನಿಮ್ಮ ಫಂಕ್ಷನ್ ರಿಟರ್ನ್ ಆಗುವವರೆಗೆ ಕೆಲವು ಇನ್‌ಸ್ಟ್ರಕ್ಷನ್‌ಗಳು ಉಳಿದಿರುತ್ತವೆ. ಕೂತ ಕೊಂಬೆಯನ್ನೇ ಕಡಿಯುವ ಕೆಲಸ ಇದು. ಸಾವಿರ ಸಲ ಓಡಿಸಿದರೂ ಬೀಳದಿರಬಹುದು, ಅದಕ್ಕೇ ಇದು ಪಾಠಗಳಲ್ಲಿ ಇಷ್ಟು ಕಾಲ ಬದುಕಿಕೊಂಡಿದೆ.

ಬದುಕಿಕೊಂಡದ್ದಕ್ಕೆ ಇತಿಹಾಸವೂ ಇದೆ. 2.4 ಮತ್ತು ಅದಕ್ಕೂ ಹಿಂದಿನ ಕರ್ನಲ್‌ಗಳಲ್ಲಿ ಮಾಡ್_ಇಂಕ್_ಯೂಸ್_ಕೌಂಟ್, ಮಾಡ್_ಡೆಕ್_ಯೂಸ್_ಕೌಂಟ್ ಎಂಬ ಎರಡು ಮ್ಯಾಕ್ರೊಗಳಿದ್ದವು. ಡ್ರೈವರ್‌ಗಳು ಅವನ್ನು ಓಪನ್, ರಿಲೀಸ್ ಒಳಗೇ ಕರೆಯುತ್ತಿದ್ದವು. 2002ರ ಕೊನೆಯಲ್ಲಿ, 2.5 ಸರಣಿಯಲ್ಲಿ, ರಸ್ಟಿ ರಸೆಲ್ ಮಾಡ್ಯೂಲ್ ಲೋಡರ್ ಅನ್ನು ಹೊಸದಾಗಿ ಬರೆದಾಗ ಟ್ರೈ_ಮಾಡ್ಯೂಲ್_ಗೆಟ್ ಬಂತು. ಪಾಠ ಬರೆದವರು ಹಳೆಯ ಮ್ಯಾಕ್ರೊ ಇದ್ದ ಜಾಗದಲ್ಲಿ ಹೊಸ ಫಂಕ್ಷನ್ನಿನ ಹೆಸರು ಹಾಕಿದರು, ಅಷ್ಟೆ. ಹೊಸ ಫಂಕ್ಷನ್ನಿನ ಉದ್ದೇಶವೇ ಬೇರೆ ಇತ್ತು: ಒಳಗೆ ಹೋಗುವವನು ಬಾಗಿಲ ಹೊರಗೆ ನಿಂತೇ ಎಣಿಕೆ ಏರಿಸಬೇಕು. ಹೆಸರಿನಲ್ಲಿ ‘ಟ್ರೈ’ ಇರುವುದೂ ಅದಕ್ಕೇ. ಮಾಡ್ಯೂಲ್ ಹೊರಟಾಗಿದ್ದರೆ ಅದು ಫಾಲ್ಸ್ ಕೊಡುತ್ತದೆ, ಕೇಳಿದವನು ಒಳಗೆ ಕಾಲಿಡದೆ ವಾಪಸ್ ಹೋಗುತ್ತಾನೆ.

ಹಾಗಾದರೆ ನಿಮ್ಮ ಪರವಾಗಿ ಹೊರಗೆ ನಿಂತು ಎಣಿಸುವವರು ಯಾರು? ಫೈಲ್_ಆಪರೇಷನ್ಸ್ ಸ್ಟ್ರಕ್ಚರ್‌ನಲ್ಲಿ ಓನರ್ ಎಂಬ ಫೀಲ್ಡ್ ಇದೆ, ಅದಕ್ಕೆ ದಿಸ್_ಮಾಡ್ಯೂಲ್ (ನಿಮ್ಮ ಮಾಡ್ಯೂಲನ್ನೇ ತೋರಿಸುವ ಪಾಯಿಂಟರ್) ಕೊಡಬೇಕು. ಬರಿಯ ಸಿಡೆವ್ (ಕ್ಯಾರೆಕ್ಟರ್ ಸಾಧನಕ್ಕೆ ಕರ್ನಲ್ ಇಡುವ ಸ್ಟ್ರಕ್ಚರ್) ಬಳಸಿದರೆ ಕರ್ನಲ್‌ನ ಸಿಎಚ್‌ಆರ್‌ಡೆವ್_ಓಪನ್, ಯುಎಸ್‌ಬಿ_ರಿಜಿಸ್ಟರ್_ಡೆವ್ ಬಳಸಿದರೆ ಯುಎಸ್‌ಬಿ ಕೋರ್‌ನ ಓಪನ್, ಮಿಸ್ಕ್ ಸಾಧನವಾದರೆ ಮಿಸ್ಕ್_ಓಪನ್: ಇವೆಲ್ಲ ಎಫ್‌ಒಪಿಎಸ್_ಗೆಟ್ ಮೂಲಕ ಓನರ್ ಮೇಲೆ ಟ್ರೈ_ಮಾಡ್ಯೂಲ್_ಗೆಟ್ ಕರೆದು, ಅದು ಗೆದ್ದ ಮೇಲೆಯೇ ನಿಮ್ಮ ಓಪನ್ ಅನ್ನು ಕರೆಯುತ್ತವೆ. ನಿಮ್ಮ ರಿಲೀಸ್ ಪೂರ್ತಿ ಮುಗಿದು ಹೊರಬಂದ ನಂತರ ಇಳಿಸುತ್ತವೆ. ಈ ಕೋಡ್ ನಿಮ್ಮ ಮಾಡ್ಯೂಲಿನ ಹೊರಗೆ ಇರುವುದರಿಂದ ಅದರ ಕಾಲಡಿಯ ನೆಲ ಕುಸಿಯುವುದಿಲ್ಲ. ಓನರ್ ಬರೆಯಲು ಮರೆತಿರೋ, ಯಾರೂ ಎಣಿಸುವುದಿಲ್ಲ. ಫೈಲ್ ತೆರೆದಿರುವಾಗಲೇ ಆರ್‌ಎಂಮಾಡ್ ಸಲೀಸಾಗಿ ಆಗುತ್ತದೆ, ಮುಂದಿನ ರೀಡ್ ಕರೆಯಲ್ಲಿ ಊಪ್ಸ್ (ಕರ್ನಲ್ ಎಡವಿ ಬೀಳುವುದು). ಡ್ರೈವರನ್ನು ಕರ್ನಲ್ ಒಳಗೇ ಕಟ್ಟಿದ್ದರೆ ದಿಸ್_ಮಾಡ್ಯೂಲ್ ಎನ್ನುವುದು ನಲ್; ಟ್ರೈ_ಮಾಡ್ಯೂಲ್_ಗೆಟ್‌ಗೆ ನಲ್ ಕೊಟ್ಟರೆ ಯಾವಾಗಲೂ ಟ್ರೂ. ಹಾಗಾಗಿ ಅದಕ್ಕೆ ಬೇರೆ ಕೋಡ್ ಬೇಕಿಲ್ಲ.

ಇಲ್ಲೊಂದು ಗೊಂದಲ ಸಾಮಾನ್ಯ. ಪ್ಲಾಟ್‌ಫಾರ್ಮ್_ಡ್ರೈವರ್ ಒಳಗಿನ ಓನರ್ ಬರೆಯಬೇಡಿ, ಕೋರ್ ತಾನೇ ತುಂಬುತ್ತದೆ ಎಂದು ಕರ್ನಲ್‌ನ ಕಾಕ್ಸಿನೆಲ್ (ಕೋಡ್ ತಪಾಸಣೆಯ ಉಪಕರಣ) ಸ್ಕ್ರಿಪ್ಟ್ ಎಚ್ಚರಿಸುತ್ತದೆ. ಅದನ್ನು ಓದಿದವರು ಫೈಲ್_ಆಪರೇಷನ್ಸ್‌ನ ಓನರ್ ಅನ್ನೂ ಅಳಿಸಿಬಿಡುತ್ತಾರೆ. ಇವೆರಡೂ ಬೇರೆ ಬೇರೆ. ಡ್ರೈವರ್‌ನ ಓನರ್ ಇಂದ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ವಿವರಗಳನ್ನು ಫೈಲ್‌ಗಳಾಗಿ ತೋರಿಸುವ ಜಾಗ) ಮಾಡ್ಯೂಲಿಗೂ ಡ್ರೈವರ್‌ಗೂ ನಡುವೆ ಕೊಂಡಿ ಸಿಗುತ್ತದೆ. ಸಾಧನವೊಂದು ಡ್ರೈವರ್‌ಗೆ ಬೈಂಡ್ ಆದ ಮಾತ್ರಕ್ಕೆ ಮಾಡ್ಯೂಲ್ ಎಣಿಕೆ ಏರುವುದಿಲ್ಲ.

ಎಣಿಕೆಯ ಒಳಗನ್ನು ಸ್ವಲ್ಪ ನೋಡಿದರೆ ಮುಂದಿನದು ಸುಲಭ. 3.19ರಿಂದ ಇದು ಒಂದೇ ಅಟಾಮಿಕ್ ಸಂಖ್ಯೆ (ಅದಕ್ಕೂ ಮೊದಲು ಪ್ರತಿ ಸಿಪಿಯುಗೆ ಬೇರೆ ಎಣಿಕೆ ಇಟ್ಟು, ಇಳಿಸುವಾಗ ಇಡೀ ಯಂತ್ರವನ್ನು ಕ್ಷಣಕಾಲ ನಿಲ್ಲಿಸುತ್ತಿದ್ದರು). ಲೋಡ್ ಆದ ಮಾಡ್ಯೂಲಿನ ಎಣಿಕೆ 0 ಅಲ್ಲ, 1. ಆ ಮೂಲ 1 ಅನ್ನು ಕಳೆದು ಎಲ್‌ಎಸ್‌ಮಾಡ್‌ಗೆ ತೋರಿಸಲಾಗುತ್ತದೆ. ಆರ್‌ಎಂಮಾಡ್ ಮಾಡಿದಾಗ ಕರ್ನಲ್ ಆ ಮೂಲ 1 ಅನ್ನು ಕಳೆಯುತ್ತದೆ. ಫಲ 0 ಆದರೆ ಮಾಡ್ಯೂಲಿನ ಕಥೆ ಮುಗಿಯಿತು, ಏಕೆಂದರೆ ಟ್ರೈ_ಮಾಡ್ಯೂಲ್_ಗೆಟ್ 0 ಇರುವ ಎಣಿಕೆಯನ್ನು ಎಂದೂ ಏರಿಸುವುದಿಲ್ಲ. 0ಕ್ಕಿಂತ ಹೆಚ್ಚು ಉಳಿದರೆ 1 ಅನ್ನು ವಾಪಸ್ ಸೇರಿಸಿ, ‘ಬಳಕೆಯಲ್ಲಿದೆ’ ಎಂದು ಹೇಳಿ ಕಳಿಸುತ್ತದೆ. ಕಾಯುವುದಿಲ್ಲ, ಕಾಯುವ ಆಯ್ಕೆಯನ್ನು 3.13ರಲ್ಲೇ ತೆಗೆದುಹಾಕಿದರು.

ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ಒಂದು ಗೆಟ್ ಹೆಚ್ಚಾದರೆ ರೀಬೂಟ್‌ವರೆಗೆ ಮಾಡ್ಯೂಲ್ ಇಳಿಯದು, ಅಷ್ಟೇ ನಷ್ಟ. ಒಂದು ಪುಟ್ ಹೆಚ್ಚಾದರೆ ಎಲ್‌ಎಸ್‌ಮಾಡ್‌ನಲ್ಲಿ -1 ಕಾಣುತ್ತದೆ, ಸಾಧನ ಇದ್ದರೂ ಓಪನ್ ಸೋಲುತ್ತದೆ, ಆಮೇಲೆ ಆರ್‌ಎಂಮಾಡ್ ಕೊಟ್ಟರೆ ಕರ್ನಲ್‌ನ ಬಗ್_ಆನ್‌ಗೆ ಹೋಗಿ ಬೀಳುತ್ತೀರಿ. ಅನುಮಾನ ಬಂದಾಗ ‘ಇರಲಿ’ ಎಂದು ಇನ್ನೊಂದು ಪುಟ್ ಸೇರಿಸುವವರು ಇದನ್ನು ನೆನಪಿಡಬೇಕು.

ಈಗ ನಿಮ್ಮ 1. ನಿಮ್ಮ ಓಪನ್‌ನಲ್ಲಿ ಟ್ರೈ_ಮಾಡ್ಯೂಲ್_ಗೆಟ್ ಮೊದಲ ಸಾಲಿನಲ್ಲಿದ್ದು, ಅದರ ಕೆಳಗೆ ಎಲ್ಲೋ ‘ಇನ್ನೊಬ್ಬರು ಈಗಾಗಲೇ ತೆರೆದಿದ್ದಾರೆ’ ಎಂದು ಇಬ್ಯುಸಿ, ಅಥವಾ ಮೆಮೊರಿ ಸಿಗದೆ ಇನೊಮೆಮ್ ವಾಪಸ್ ಕೊಡುವ ದಾರಿ ಇದ್ದೇ ಇರುತ್ತದೆ. ಓಪನ್ ಎರರ್ ಕೊಟ್ಟರೆ ಕರ್ನಲ್ ರಿಲೀಸ್ ಅನ್ನು ಕರೆಯುವುದೇ ಇಲ್ಲ. ತಾನು ಏರಿಸಿದ್ದನ್ನು ತಾನು ಇಳಿಸಿಕೊಳ್ಳುತ್ತದೆ. ನೀವು ಏರಿಸಿದ್ದು ಹಾಗೇ ಉಳಿಯುತ್ತದೆ. ‘ಕೆಲವೊಮ್ಮೆ’ ಎಂದಿರಲ್ಲ, ಟೆಸ್ಟ್ ಪ್ರೋಗ್ರಾಂ ಎರಡು ಪ್ರತಿ ಓಡಿದ ದಿನಗಳಲ್ಲಿ ಆಗಿದೆಯೇ ನೋಡಿ.

ಸಾಲು ತೆಗೆದ ಮೇಲೂ ಎಣಿಕೆ ಇಳಿಯದಿದ್ದರೆ ಹುಡುಕುವ ಕ್ರಮ ಹೀಗೆ. ಎಲ್‌ಎಸ್‌ಮಾಡ್ ಸಾಲಿನಲ್ಲಿ ಸಂಖ್ಯೆಯ ಪಕ್ಕ ಬೇರೆ ಮಾಡ್ಯೂಲಿನ ಹೆಸರಿದ್ದರೆ, ಅಥವಾ ಸಿಸ್‌ಎಫ್‌ಎಸ್‌ನಲ್ಲಿ ನಿಮ್ಮ ಮಾಡ್ಯೂಲಿನ ಹೋಲ್ಡರ್ಸ್ ಫೋಲ್ಡರ್ ಖಾಲಿ ಇಲ್ಲದಿದ್ದರೆ, ಅದು ಸಿಂಬಲ್ ಅವಲಂಬನೆ: ನೀವು ಎಕ್ಸ್‌ಪೋರ್ಟ್ ಮಾಡಿದ ಫಂಕ್ಷನ್ ಬಳಸುವ ಮಾಡ್ಯೂಲ್ ಮೊದಲು ಇಳಿಯಬೇಕು. ಎಷ್ಟು ಸಿಂಬಲ್ ಬಳಸಿದರೂ ಒಂದು ಮಾಡ್ಯೂಲಿಗೆ ಒಂದೇ ಎಣಿಕೆ. ಹೆಸರಿಲ್ಲದ ಸಂಖ್ಯೆಯಾದರೆ ಫ್ಯೂಸರ್ ಅಥವಾ ಎಲ್‌ಎಸ್‌ಒಎಫ್ ಇಂದ ಸಾಧನದ ಫೈಲನ್ನು ಯಾರು ಹಿಡಿದಿದ್ದಾರೆ ನೋಡಿ. ಕ್ಲೋಸ್ ಆದರೂ ಎಂಮ್ಯಾಪ್ ಮಾಡಿದ ಭಾಗ ಉಳಿದಿದ್ದರೆ ಫೈಲ್ ಜೀವಂತ. ಪ್ರೋಸೆಸ್‌ನ ಮ್ಯಾಪ್ಸ್ ಫೈಲಿನಲ್ಲಿ ಕಾಣುತ್ತದೆ. ಫೋರ್ಕ್ ಆದ ಮಗುವಿನ ಬಳಿ ಡಿಸ್ಕ್ರಿಪ್ಟರ್ ಉಳಿದಿರುವುದು ತುಂಬಾ ಸಾಮಾನ್ಯ. ಯುನಿಕ್ಸ್ ಸಾಕೆಟ್ ಮೂಲಕ ಕಳಿಸಿದ್ದು ಆಚೆ ಬದಿ ಇನ್ನೂ ಓದದೆ ಸಾಕೆಟ್‌ನಲ್ಲೇ ಕೂತಿದ್ದರೆ ಫ್ಯೂಸರ್‌ಗೂ ಕಾಣದು. ನಿಮ್ಮ ಡ್ರೈವರ್ ಡಿಎಂಎ-ಬಫ್ (ಬೇರೆ ಡ್ರೈವರ್, ಪ್ರೋಸೆಸ್‌ಗಳೊಂದಿಗೆ ಹಂಚುವ ಬಫರ್) ಎಕ್ಸ್‌ಪೋರ್ಟ್ ಮಾಡುತ್ತಿದ್ದರೆ ಪ್ರತಿ ಬಫರ್ ಒಂದು ಎಣಿಕೆ ಹಿಡಿಯುತ್ತದೆ. ನಿಮ್ಮ ಸಾಧನದ ಫೈಲ್ ಎಂದೋ ಮುಚ್ಚಿದ್ದರೂ ಬಫರ್ ಬೇರೆ ಪ್ರೋಸೆಸ್ ಬಳಿ ಇರಬಹುದು. ಕಿಲ್ -9 ಕೊಟ್ಟರೂ ಹೋಗದ ಪ್ರೋಸೆಸ್ ಡಿ ಸ್ಥಿತಿಯಲ್ಲಿದ್ದರೆ (ಸಿಗ್ನಲ್‌ಗೂ ಏಳದ ನಿದ್ದೆ) ಅದು ಬಹುಶಃ ನಿಮ್ಮದೇ ಐಒಸಿಟಿಎಲ್‌ನಲ್ಲಿ ನಿದ್ದೆ ಹೋಗಿದೆ. ಪ್ರೋಕ್‌ನಲ್ಲಿ ಅದರ ಸ್ಟ್ಯಾಕ್ ಫೈಲ್ ಓದಿದರೆ ಎಲ್ಲಿ ಎಂದು ತಿಳಿಯುತ್ತದೆ.

ಒಂದು ಎಚ್ಚರಿಕೆ: ಸಂಖ್ಯೆಗೂ ತೆರೆದ ಫೈಲ್‌ಗಳಿಗೂ ಒಂದಕ್ಕೊಂದು ಲೆಕ್ಕ ಹೊಂದಬೇಕಿಲ್ಲ. ಸಿಡೆವ್‌ನ ಓನರ್, ಫೈಲ್_ಆಪರೇಷನ್ಸ್‌ನ ಓನರ್ ಎರಡೂ ತುಂಬಿದ್ದರೆ ಒಂದು ಓಪನ್‌ಗೆ 2 ಏರುತ್ತದೆ. ಅದು ಸೋರಿಕೆ ಅಲ್ಲ.

ಇಷ್ಟಕ್ಕೂ ಸಿಗದಿದ್ದರೆ ಊಹೆ ಬಿಟ್ಟು ಟ್ರೇಸ್ ಹಾಕಿ. ಕರ್ನಲ್‌ನ ಟ್ರೇಸಿಂಗ್ ಫೋಲ್ಡರ್‌ನಲ್ಲಿ ಮಾಡ್ಯೂಲ್ ಗುಂಪಿನ ಕೆಳಗೆ ಮಾಡ್ಯೂಲ್_ಗೆಟ್, ಮಾಡ್ಯೂಲ್_ಪುಟ್ ಎಂಬ ಎರಡು ಇವೆಂಟ್‌ಗಳಿವೆ. ಎರಡಕ್ಕೂ ನಿಮ್ಮ ಮಾಡ್ಯೂಲ್ ಹೆಸರಿನ ಫಿಲ್ಟರ್ ಕೊಡಿ, ಟ್ರಿಗರ್ ಫೈಲ್‌ಗೆ ಸ್ಟ್ಯಾಕ್‌ಟ್ರೇಸ್ ಎಂದು ಬರೆಯಿರಿ, ಎನೇಬಲ್ ಮಾಡಿ, ತೊಂದರೆಯನ್ನು ಮರುಸೃಷ್ಟಿಸಿ. ಪ್ರತಿ ಸಾಲಿನಲ್ಲೂ ಯಾವ ಫಂಕ್ಷನ್ ಕರೆಯಿತು, ಎಣಿಕೆ ಎಷ್ಟಾಯಿತು ಎಂದಿರುತ್ತದೆ. ಅಲ್ಲಿ ಕಾಣುವ ಸಂಖ್ಯೆ ಎಲ್‌ಎಸ್‌ಮಾಡ್‌ನದಕ್ಕಿಂತ 1 ಹೆಚ್ಚು, ಆ ಮೂಲ 1 ಕಳೆಯದೆ ಬರೆಯುವುದರಿಂದ. ಗೆಟ್‌ಗೆ ಜೊತೆಯಾದ ಪುಟ್ ಇಲ್ಲದ ಸಾಲೇ ಕಳ್ಳ. ಆರ್‌ಎಂಮಾಡ್‌ಗೆ ಬಲವಂತದ ಆಯ್ಕೆ ಇದೆಯಲ್ಲ ಎಂದು ಅದಕ್ಕೆ ಕೈ ಹಾಕಬೇಡಿ. ಆ ಸೌಲಭ್ಯ ಕಾನ್ಫಿಗ್‌ನಲ್ಲಿ ಆನ್ ಆಗಿದ್ದರೆ ಮಾತ್ರ ನಡೆಯುತ್ತದೆ, ಕರ್ನಲ್‌ಗೆ ಆರ್ ಎಂಬ ಟೇಂಟ್ (ಕಳಂಕದ) ಗುರುತು ಬೀಳುತ್ತದೆ, ಎಣಿಕೆ ಹಿಡಿದವರು ನಿಜವಾಗಿಯೂ ಇದ್ದರೆ ಅವರ ಕಾಲಡಿಯ ಕೋಡ್ ಹೋಗುತ್ತದೆ.

ಇನ್ನು ಸಾಧನ ಕಿತ್ತಾಗ ಬೀಳುವುದು. ಕೇಬಲ್ ಎಳೆದಾಗ ಯುಎಸ್‌ಬಿ ಕೋರ್ ನಿಮ್ಮ ಡಿಸ್‌ಕನೆಕ್ಟ್ ಅನ್ನು ಕರೆಯುತ್ತದೆ. ಮಾಡ್ಯೂಲ್ ಎಣಿಕೆ 5 ಇರಲಿ 50 ಇರಲಿ, ಅದನ್ನು ಯಾರೂ ಕೇಳುವುದಿಲ್ಲ. ಕೇಬಲ್ ಕಿತ್ತದ್ದು ಮನುಷ್ಯ, ಅವನಿಗೆ ಇಬ್ಯುಸಿ ಕೊಡಲಾಗದು. ಸಿಸ್‌ಎಫ್‌ಎಸ್‌ನ ಅನ್‌ಬೈಂಡ್ ಫೈಲಿಗೆ ಸಾಧನದ ಹೆಸರು ಬರೆದರೂ ಇದೇ ದಾರಿ. ಕೋಡ್ ಮೆಮೊರಿಯಲ್ಲಿ ಭದ್ರವಾಗಿದೆ, ತೆರೆದ ಫೈಲ್ ಇದೆ, ಆದರೆ ಫೈಲ್‌ನ ಪ್ರೈವೇಟ್_ಡೇಟಾ ತೋರಿಸುವ ಸ್ಟ್ರಕ್ಚರ್ ಬಿಡುಗಡೆಯಾಗಿದೆ. ಮುಂದಿನ ರೀಡ್ ಸತ್ತ ಮೆಮೊರಿಯನ್ನು ಮುಟ್ಟುತ್ತದೆ.

ನೀವು ಪ್ರೋಬ್‌ನಲ್ಲಿ ಡೆವ್‌ಎಂ_ಕೆಜಡ್‌ಅಲಾಕ್ (ಸಾಧನ ಬೇರ್ಪಟ್ಟಾಗ ತಾನೇ ಬಿಡುಗಡೆಯಾಗುವ ಮೆಮೊರಿ ಕೊಡುವ ಕರೆ) ಬಳಸಿದ್ದರೆ ಅಪರಾಧಿ ಅಲ್ಲೇ ಇದ್ದಾನೆ. ಡೆವ್‌ಎಂ ಮೆಮೊರಿಯ ಆಯುಷ್ಯ ಬೈಂಡ್ ಇರುವಷ್ಟೇ. ತೆರೆದ ಫೈಲ್‌ನ ಆಯುಷ್ಯ ಅದಕ್ಕಿಂತ ಹೆಚ್ಚು. ಯೂಸರ್‌ಸ್ಪೇಸ್ ಫೈಲ್‌ನಿಂದ ತಲುಪಬಹುದಾದ ಸ್ಟ್ರಕ್ಚರ್ ಅನ್ನು ಡೆವ್‌ಎಂನಿಂದ ಪಡೆಯಬಾರದು. ಸಾಮಾನ್ಯ ಕೆಜಡ್‌ಅಲಾಕ್ ಮಾಡಿ, ಒಳಗೆ ಕೆರೆಫ್ (ಆ ಸ್ಟ್ರಕ್ಚರ್ ಬಳಸುವವರ ಎಣಿಕೆ) ಇಡಿ: ಪ್ರೋಬ್‌ನಲ್ಲಿ ಇನಿಟ್, ಪ್ರತಿ ಓಪನ್‌ಗೆ ಗೆಟ್, ರಿಲೀಸ್‌ಗೆ ಪುಟ್, ಡಿಸ್‌ಕನೆಕ್ಟ್‌ನಲ್ಲಿ ಪ್ರೋಬ್‌ನ ಪಾಲಿನ ಪುಟ್. ಕೊನೆಯವನು ಕೆಫ್ರೀ ಮಾಡುತ್ತಾನೆ. ಇಷ್ಟು ಮೆಮೊರಿಗೆ. ಹಾರ್ಡ್‌ವೇರ್‌ಗೆ ಬೇರೆ: ಒಂದು ಮ್ಯೂಟೆಕ್ಸ್, ಒಂದು ‘ಡಿಸ್‌ಕನೆಕ್ಟೆಡ್’ ಗುರುತು. ಡಿಸ್‌ಕನೆಕ್ಟ್ ಆ ಮ್ಯೂಟೆಕ್ಸ್ ಹಿಡಿದು ಗುರುತು ಹಾಕಬೇಕು, ನಡೆಯುತ್ತಿರುವ ಯುಆರ್‌ಬಿಗಳನ್ನು (ಯುಎಸ್‌ಬಿ ವರ್ಗಾವಣೆಯ ಕೋರಿಕೆಗಳು) ಕೊಲ್ಲಬೇಕು, ಕಾಯುತ್ತಿರುವವರನ್ನು ಎಬ್ಬಿಸಬೇಕು. ರೀಡ್, ರೈಟ್, ಐಒಸಿಟಿಎಲ್ ಮೂರೂ ಅದೇ ಮ್ಯೂಟೆಕ್ಸ್ ಹಿಡಿದು ಗುರುತು ನೋಡಿ, ಅದು ಇದ್ದರೆ ಇನೊಡೆವ್ (‘ಸಾಧನ ಇಲ್ಲ’ ಎಂಬ ಎರರ್) ವಾಪಸ್ ಕೊಡಬೇಕು. ಓಪನ್ ಕೂಡ, ಏಕೆಂದರೆ ತೆರೆಯುವುದೂ ಕೀಳುವುದೂ ಒಟ್ಟಿಗೆ ನಡೆಯಬಹುದು. ಕರ್ನಲ್ ಮರದಲ್ಲೇ ಇರುವ ಯುಎಸ್‌ಬಿ-ಸ್ಕೆಲಿಟನ್ ಡ್ರೈವರ್‌ನಲ್ಲಿ ಈ ಜೋಡಣೆಯ ಮುಖ್ಯ ಭಾಗಗಳಿವೆ. ಯಾವ ಪಾಠಕ್ಕಿಂತ ಅದನ್ನು ಮೊದಲು ಓದಿ.

ಸ್ವಂತ ಸಿಡೆವ್ ಬಳಸುತ್ತಿದ್ದರೆ ಇನ್ನೊಂದು ಮಾತು. ಸಿಡೆವ್_ಡೆಲ್ ಹೊಸ ಓಪನ್‌ಗಳನ್ನು ತಡೆಯುತ್ತದೆ, ತೆರೆದಿರುವುದನ್ನು ಮುಚ್ಚುವುದಿಲ್ಲ. ಸಿಡೆವ್ ನಿಮ್ಮ ಸ್ಟ್ರಕ್ಚರ್‌ನ ಒಳಗೇ ಇದ್ದರೆ, ಕೊನೆಯ ಫೈಲ್ ಮುಚ್ಚುವಾಗ ಕರ್ನಲ್ ಆ ಸಿಡೆವ್ ಅನ್ನು ಮತ್ತೊಮ್ಮೆ ಮುಟ್ಟುತ್ತದೆ. ಅದೂ ನಿಮ್ಮ ರಿಲೀಸ್ ಮುಗಿದ ಮೇಲೆ. ಹಾಗಾಗಿ ಬರಿಯ ಕೆರೆಫ್ ಸಾಲದು. ಸಿಡೆವ್_ಡಿವೈಸ್_ಆಡ್ ಬಳಸಿ ಸಿಡೆವ್ ಅನ್ನು ಸ್ಟ್ರಕ್ಟ್ ಡಿವೈಸ್‌ಗೆ ಕಟ್ಟಿ, ಮೆಮೊರಿಯನ್ನು ಆ ಡಿವೈಸ್‌ನ ರಿಲೀಸ್ ಕಾಲ್‌ಬ್ಯಾಕ್‌ನಲ್ಲಿ ಬಿಡಿ.

ಹಾಗಾದರೆ ಟ್ರೈ_ಮಾಡ್ಯೂಲ್_ಗೆಟ್ ಅನ್ನು ಡ್ರೈವರ್ ಬರೆಯುವವರು ಕರೆಯುವ ಸಂದರ್ಭವೇ ಇಲ್ಲವೇ? ಇದೆ: ಬೇರೆ ಮಾಡ್ಯೂಲ್‌ಗಳು ನಿಮ್ಮಲ್ಲಿ ಫಂಕ್ಷನ್ ಪಾಯಿಂಟರ್‌ಗಳನ್ನು ನೋಂದಾಯಿಸುವಾಗ. ಸಿಂಬಲ್ ಮೂಲಕ ಬಂದ ಅವಲಂಬನೆಯನ್ನು ಲೋಡರ್ ಎಣಿಸುತ್ತದೆ, ಪಾಯಿಂಟರ್ ಮೂಲಕ ಬಂದದ್ದು ಅದಕ್ಕೆ ಕಾಣುವುದಿಲ್ಲ. ಆಗ ನೀವೇ ‘ಹೊರಗೆ ನಿಂತವರು’. ಪಟ್ಟಿಯ ಲಾಕ್ ಹಿಡಿದು, ಆಪ್ಸ್ (ಅವರು ನೋಂದಾಯಿಸಿದ ಆ ಪಾಯಿಂಟರ್‌ಗಳ ಸ್ಟ್ರಕ್ಚರ್) ಹುಡುಕಿ, ಲಾಕ್ ಬಿಡುವ ಮೊದಲೇ ಅದರ ಓನರ್ ಮೇಲೆ ಟ್ರೈ_ಮಾಡ್ಯೂಲ್_ಗೆಟ್ ಮಾಡಿ. ಸೋತರೆ ಆ ಆಪ್ಸ್ ಇಲ್ಲವೆಂದೇ ತಿಳಿಯಿರಿ. ಲಾಕ್ ಏಕೆಂದರೆ ಆಪ್ಸ್ ಸ್ಟ್ರಕ್ಚರ್ ಇರುವುದೇ ಆ ಮಾಡ್ಯೂಲಿನ ಮೆಮೊರಿಯಲ್ಲಿ. ಲಾಕ್ ಇಲ್ಲದೆ ಓನರ್ ಫೀಲ್ಡ್ ಓದುವಷ್ಟರಲ್ಲಿ ಅದು ಮಾಯವಾಗಿರಬಹುದು. ಅನ್‌ರಿಜಿಸ್ಟರ್ ಕೂಡ ಅದೇ ಲಾಕ್ ಹಿಡಿದು ಪಟ್ಟಿಯಿಂದ ತೆಗೆಯಬೇಕು. ಓನರ್ ಅನ್ನು ತುಂಬಲು ನಿಮ್ಮ ರಿಜಿಸ್ಟರ್ ಫಂಕ್ಷನ್ ಒಳಗೆ ದಿಸ್_ಮಾಡ್ಯೂಲ್ ಬರೆದರೆ ಅದು ನಿಮ್ಮ ಮಾಡ್ಯೂಲೇ ಆಗುತ್ತದೆ, ಕರೆದವರದ್ದಲ್ಲ. ಹೆಡರ್‌ನಲ್ಲಿ ಒಂದು ಮ್ಯಾಕ್ರೊ ಮಾಡಿ, ಅದರಿಂದ ಕರೆದವರ ದಿಸ್_ಮಾಡ್ಯೂಲ್ ಎರಡನೇ ಆರ್ಗ್ಯುಮೆಂಟ್ ಆಗಿ ಬರುವಂತೆ ನೋಡಿಕೊಳ್ಳಿ. ಪ್ಲಾಟ್‌ಫಾರ್ಮ್_ಡ್ರೈವರ್_ರಿಜಿಸ್ಟರ್ ಮ್ಯಾಕ್ರೊ ಆಗಿರುವುದು ಇದಕ್ಕೇ.

ಇದರ ತಲೆಕೆಳಗಾದ ತೊಂದರೆಯೂ ಇದೆ: ಮಾಡ್ಯೂಲ್ ತನಗೆ ಅರಿವಿಲ್ಲದೆ ತನ್ನನ್ನೇ ಹಿಡಿದುಕೊಳ್ಳುವುದು. ನಿಮ್ಮ ಡ್ರೈವರ್ ಒಂದು ಜಿಪಿಐಒ ಚಿಪ್ ನೋಂದಾಯಿಸಿ, ಅದರದೇ ಒಂದು ಪಿನ್ ಅನ್ನು ಸಾಮಾನ್ಯ ಗ್ರಾಹಕನಂತೆ ಕೇಳಿದರೆ, ಜಿಪಿಐಒ ಕೋರ್ ಚಿಪ್‌ನ ಓನರ್ ಎಣಿಕೆ ಏರಿಸುತ್ತದೆ. ಅದನ್ನು ಇಳಿಸುವ ಕೋಡ್ ನಿಮ್ಮ ಎಕ್ಸಿಟ್‌ನಲ್ಲಿದೆ, ಎಣಿಕೆ ಇಳಿಯದೆ ಎಕ್ಸಿಟ್ ಓಡದು. ಅದಕ್ಕಾಗಿಯೇ ಎಣಿಕೆ ಏರಿಸದ ಜಿಪಿಐಒಚಿಪ್_ರಿಕ್ವೆಸ್ಟ್_ಓನ್_ಡೆಸ್ಕ್ ಇದೆ. ನೆಟ್‌ವರ್ಕ್‌ನ ಫೈ (ಕೇಬಲ್ ಕಡೆಯ ಚಿಪ್) ಕೋರ್ ಕೂಡ, ಆ ಚಿಪ್ ಕೂತಿರುವ ಎಂಡಿಐಒ ಬಸ್‌ನ ಓನರ್ ಮತ್ತು ನೆಟ್‌ವರ್ಕ್ ಡ್ರೈವರ್‌ನ ಓನರ್ ಒಂದೇ ಆಗಿದ್ದರೆ ಎಣಿಕೆ ಏರಿಸುವುದಿಲ್ಲ.

ಎಣಿಕೆ 0 ಆಗಿ ಎಕ್ಸಿಟ್ ಓಡಿದರೂ ನಿಮ್ಮ ಕೋಡ್‌ಗೆ ಮರಳಿ ಬರುವವರು ಇರಬಹುದು. ಅವರನ್ನು ಯಾರೂ ಎಣಿಸಿರುವುದಿಲ್ಲ. ಟೈಮರ್, ವರ್ಕ್, ಐಆರ್‌ಕ್ಯೂ, ಕೆಥ್ರೆಡ್, ಆರ್‌ಸಿಯು (ಹಳೆಯ ಓದುಗರೆಲ್ಲ ಮುಗಿಸುವವರೆಗೆ, ಅಂದರೆ ಗ್ರೇಸ್ ಅವಧಿಯವರೆಗೆ, ಬಿಡುಗಡೆಯನ್ನು ಮುಂದೂಡುವ ವಿಧಾನ) ಕಾಲ್‌ಬ್ಯಾಕ್. ವರ್ಕ್‌ಗೆ ಕ್ಯಾನ್ಸಲ್_ವರ್ಕ್_ಸಿಂಕ್, ಐಆರ್‌ಕ್ಯೂಗೆ ಫ್ರೀ_ಐಆರ್‌ಕ್ಯೂ, ಟೈಮರ್‌ಗೆ ಸಿಂಕ್ ಎಂದು ಮುಗಿಯುವ ರೂಪವೇ ಬೇಕು. ಟೈಮರೂ ವರ್ಕೂ ಪರಸ್ಪರ ಎಬ್ಬಿಸಿಕೊಳ್ಳುತ್ತಿದ್ದರೆ ಟೈಮರ್_ಶಟ್‌ಡೌನ್_ಸಿಂಕ್. ಕಾಲ್_ಆರ್‌ಸಿಯು ಬಳಸಿದ್ದರೆ ಎಕ್ಸಿಟ್‌ನ ಕೊನೆಯಲ್ಲಿ ಆರ್‌ಸಿಯು_ಬ್ಯಾರಿಯರ್ ಬೇಕು. ಸಿಂಕ್ರನೈಸ್_ಆರ್‌ಸಿಯು ಸಾಲದು: ಅದು ಗ್ರೇಸ್ ಅವಧಿ ಮುಗಿಯುವವರೆಗೆ ಕಾಯುತ್ತದೆಯೇ ಹೊರತು ಸರದಿಯಲ್ಲಿರುವ ಕಾಲ್‌ಬ್ಯಾಕ್‌ಗಳು ಓಡಿ ಮುಗಿಯುವವರೆಗಲ್ಲ.

ಇನಿಟ್ ಕಡೆ ಒಂದೇ ನಿಯಮ, ಆದರೆ ಕಟ್ಟುನಿಟ್ಟು: ಸಾಧನವನ್ನು ಜಗತ್ತಿಗೆ ತೋರಿಸುವ ಕರೆ ಕೊನೆಯದಾಗಿರಲಿ. ಮಾಡ್ಯೂಲ್ ಇನ್ನೂ ಲೋಡ್ ಆಗುತ್ತಿರುವಾಗಲೂ ಟ್ರೈ_ಮಾಡ್ಯೂಲ್_ಗೆಟ್ ಗೆಲ್ಲುತ್ತದೆ, ಸೋಲುವುದು ಹೊರಡುವಾಗ ಮಾತ್ರ. ಸಿಡೆವ್_ಆಡ್ ಆದ ಮರುಗಳಿಗೆ ಯಾರೋ ತೆರೆದು, ಆಮೇಲೆ ನಿಮ್ಮ ಇನಿಟ್ ಬೇರಾವುದೋ ಕಾರಣಕ್ಕೆ ಎರರ್ ಕೊಟ್ಟರೆ, ಲೋಡರ್ ಎಣಿಕೆಯನ್ನು ಲೆಕ್ಕಿಸದೆ ಮಾಡ್ಯೂಲಿನ ಮೆಮೊರಿಯನ್ನು ಬಿಡುತ್ತದೆ.

ಬದಲಾವಣೆ ಮಾಡಿದ ಮೇಲೆ ಕೆಎಎಸ್‌ಎಎನ್ (ಸತ್ತ ಮೆಮೊರಿ ಮುಟ್ಟಿದರೆ ಹಿಡಿದುಕೊಡುವ ಸೌಲಭ್ಯ) ಮತ್ತು ಡಿಬಗ್_ಕೆಆಬ್ಜೆಕ್ಟ್_ರಿಲೀಸ್ ಎರಡನ್ನೂ ಆನ್ ಮಾಡಿ ಕಟ್ಟಿದ ಕರ್ನಲ್‌ನಲ್ಲಿ ಪರೀಕ್ಷಿಸಿ. ಎರಡನೆಯದು ಕೊನೆಯ ಪುಟ್ ಆದ ನಂತರ ರಿಲೀಸ್ ಕಾಲ್‌ಬ್ಯಾಕ್ ಅನ್ನು ಬೇಕೆಂದೇ ಕೆಲವು ಸೆಕೆಂಡ್ ತಡಮಾಡುತ್ತದೆ, ಆಯುಷ್ಯದ ತಪ್ಪುಗಳು ಹೊರಬೀಳುತ್ತವೆ. ಒಂದು ಟರ್ಮಿನಲ್‌ನಲ್ಲಿ ಓಪನ್-ರೀಡ್-ಕ್ಲೋಸ್ ಸುತ್ತು, ಇನ್ನೊಂದರಲ್ಲಿ ಅನ್‌ಬೈಂಡ್-ಬೈಂಡ್ ಸುತ್ತು, ಮೂರನೆಯದರಲ್ಲಿ ಆರ್‌ಎಂಮಾಡ್-ಇನ್ಸ್‌ಮಾಡ್. ಆರ್‌ಎಂಮಾಡ್ ಹಲವು ಸಲ ‘ಬಳಕೆಯಲ್ಲಿದೆ’ ಎನ್ನಬೇಕು, ಕೆಲವು ಸಲ ಗೆಲ್ಲಬೇಕು, ಮೂರೂ ನಿಂತ ಮೇಲೆ ಎಲ್‌ಎಸ್‌ಮಾಡ್‌ನಲ್ಲಿ 0 ಕಾಣಬೇಕು.